ಕಾಕುವಿನ ಮನೆಯ ಒಂಬತ್ತು ಮಕ್ಕಳು: ಒಂದು ಪ್ರಕರಣ ಅಧ್ಯಯನ

ಕಲಬುರಗಿಯ ಜೇವರ್ಗಿ ರಸ್ತೆ ಕಡೆಯ ಒಂದು ಓಣಿ. ಅಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ತಮ್ಮ ಮನೆಯಲ್ಲೇ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಬೋರ್ಡಿಲ್ಲ, ರಸೀದಿ ಇಲ್ಲ. ಮಕ್ಕಳು ಅವರನ್ನು ಕಾಕು ಅನ್ನುತ್ತವೆ, ಮಕ್ಕಳ ತಾಯಂದಿರೂ ಹಾಗೇ ಅನ್ನುತ್ತಾರೆ. ಇಲ್ಲಿ ನಾನೂ ಅದೇ ಹೆಸರು ಬಳಸುತ್ತೇನೆ. ಗುರುತು ಸಿಗದಿರಲಿ ಅಂತ ಒಂದೆರಡು ವಿವರ ಬದಲಿಸಿದ್ದೇನೆ.

ಕಾಕು ಓದಿದ್ದು ಏಳನೇ ಕ್ಲಾಸ್. ಯಜಮಾನರು ದಾಲ್‌ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ. ಮನೆಯಲ್ಲಿ ಎರಡು ಕೋಣೆ, ಒಂದು ಪಡಸಾಲೆ, ಹಿಂದೆ ನೀರಿನ ಹೌದ. ಇಪ್ಪತ್ತನಾಲ್ಕು ವಯಸ್ಸಿನ ಮಗ, ಮದುವೆಯಾಗಿ ಬಂದ ದೊಡ್ಡ ಸೊಸೆ ಜೊತೆಗಿದ್ದಾರೆ. ಸೊಸೆ ಪಿಯುಸಿ ಪಾಸು. ಮೊದಲು ಪಕ್ಕದ ಮನೆಯ ಒಂದು ಕೂಸನ್ನು ಸುಮ್ನೆ ಸಹಾಯಕ್ಕೆ ಅಂತ ನೋಡಿಕೊಂಡರು. ಆಮೇಲೆ ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಿ ಒಂಬತ್ತು ಮಕ್ಕಳಾದವು. ಚಿಕ್ಕದಕ್ಕೆ ಎಂಟು ತಿಂಗಳು, ದೊಡ್ಡದಕ್ಕೆ ಐದು ವರ್ಷ. ತಲೆಗೆ ತಿಂಗಳಿಗೆ 1,500 ರೂಪಾಯಿ.

ಇಷ್ಟು ಮಕ್ಕಳು ಯಾಕೆ ಬಂದವು ಅನ್ನುವುದು ಕಷ್ಟದ ಪ್ರಶ್ನೆಯಲ್ಲ. ಆಸ್ಪತ್ರೆ, ಬಟ್ಟೆ ಅಂಗಡಿ, ಬ್ಯಾಂಕು, ಖಾಸಗಿ ಶಾಲೆ, ಎಲ್ಲ ಕಡೆ ಹೆಣ್ಣುಮಕ್ಕಳು ಕೆಲಸಕ್ಕಿದ್ದಾರೆ. ಅಂಗನವಾಡಿ ಹತ್ತಿರದಲ್ಲೇ ಇದೆ. ಆದರೆ ಅಲ್ಲಿ ಕೂತು ಕಲಿಯಲು ಬರುವುದು ಮೂರು ದಾಟಿದ ಮಕ್ಕಳು. ತಾಯಿಯ ಡ್ಯೂಟಿ ಮುಗಿಯುವವರೆಗೂ ಅದು ತೆರೆದಿರುವುದಿಲ್ಲ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ಬಂದಾಗಿನಿಂದ 50 ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅನ್ನುವ ನಿಯಮವಿದೆ. ಈ ತಾಯಂದಿರಲ್ಲಿ ಹೆಚ್ಚಿನವರು ಕೆಲಸ ಮಾಡುವ ಕಡೆ ಹತ್ತು ಜನವೂ ಇಲ್ಲ. ಹಳ್ಳಿಗಳಲ್ಲಿ ನರೇಗಾ ಕೂಲಿಗೆ ಹೋಗುವವರಿಗಾಗಿ ಪಂಚಾಯಿತಿಯ ‘ಕೂಸಿನ ಮನೆ’ಗಳು ಬಂದಿವೆ. ಅಲ್ಲಿ ಕೂಸು ನೋಡಿಕೊಳ್ಳುವವರಿಗೆ ತರಬೇತಿಯನ್ನೂ ಕೊಡುತ್ತಾರೆ. ಊರೊಳಗಿನ ಓಣಿಗೆ ಅಂಥದ್ದು ಯಾವುದೂ ಇಲ್ಲ. ಇರುವುದು ಕಾಕು.

ಏನಾಯಿತು

ಮಧ್ಯಾಹ್ನದ ಹೊತ್ತು. ಕಾಕು ಒಲೆ ಮುಂದಿದ್ದರು. ನಾಲ್ಕು ವರ್ಷದ ಹುಡುಗನೊಬ್ಬ ಚುರಮುರಿ ತಿನ್ನುತ್ತಾ ಕೂತಿದ್ದ. ಪಕ್ಕದಲ್ಲಿ ತೆವಳುತ್ತಿದ್ದ ಹತ್ತು ತಿಂಗಳ ಕೂಸಿಗೂ ಪ್ರೀತಿಯಿಂದ ಒಂದು ಶೇಂಗಾ ಬೀಜ ಬಾಯಿಗಿಟ್ಟ. ಕೂಸು ಕೆಮ್ಮಿತು, ಆಮೇಲೆ ಕೆಮ್ಮು ನಿಂತಿತು, ಮುಖ ಬಣ್ಣಗೆಟ್ಟಿತು. ಕಾಕು ಓಡಿ ಬಂದು ಬಾಯೊಳಗೆ ಬೆರಳು ಹಾಕಿ ತಡಕಿದರು. ಸಿಗಲಿಲ್ಲ. ಪಕ್ಕದ ಮನೆಯವರು ಬಂದು ಕೂಸನ್ನು ಬೋರಲು ಹಿಡಿದು ಬೆನ್ನಿಗೆ ಬಡಿದರು. ಬೀಜ ಹೊರಗೆ ಬಿತ್ತು, ಕೂಸು ಅತ್ತಿತು. ಸಂಜೆ ಹೊತ್ತಿಗೆ ಎಂದಿನಂತೆ ಆಡುತ್ತಿತ್ತು.

ಕೂಸಿನ ತಾಯಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಸಂಜೆ ಬಂದಾಗ ಕಾಕು ಮುಚ್ಚಿಡಲಿಲ್ಲ, ನಡೆದದ್ದನ್ನು ನಡೆದಂತೆ ಹೇಳಿದರು. ತಾಯಿ ಬೈಯಲೂ ಇಲ್ಲ. ಬೆರಳು ಹಾಕಿದ ಮಾತು ಬಂದಾಗ ಮಾತ್ರ, “ಕಾಕು, ಹಂಗ ಬೆರಳ ಹಾಕಿದ್ರ ಇನ್ನೂ ಒಳಗ ಹೋಗ್ತದ. ನೀವ್ ಎಲ್ಲರೆ ಟ್ರೇನಿಂಗ್ ತಗೊಂಡೀರೇನು?” ಅಂದರು.

ಆ ಪ್ರಶ್ನೆ ಓಣಿ ಸುತ್ತಿತು. ಇಬ್ಬರು ತಾಯಂದಿರು ‘ಸರ್ಟಿಫಿಕೇಟ್ ಇದ್ದವರ ಹತ್ತಿರ ಬಿಡೋಣ’ ಅಂತ ಮಾತಾಡಿಕೊಂಡರು. ಅಂಥವರು ಊರಲ್ಲಿ ಎಲ್ಲಿದ್ದಾರೆ ಅಂತ ಯಾರಿಗೂ ಗೊತ್ತಿರಲಿಲ್ಲ, ಅದು ಬೇರೆ ಮಾತು. ಅದೇ ವಾರ ಯಾರೋ ಪರಿಚಯದವರು ‘ನರ್ಸರಿ ಟೀಚರ್ ಟ್ರೇನಿಂಗ್’ ಮಾಡಿಸುತ್ತೇವೆ, ಕ್ಲಾಸಿಗೆ ಬರೋದೂ ಬೇಡ, ದುಡ್ಡು ಕಟ್ಟಿದರೆ ಸರ್ಟಿಫಿಕೇಟ್ ಮನೆಗೇ ಬರುತ್ತದೆ ಅಂದರಂತೆ. ಕಾಕು ಹೆಚ್ಚುಕಮ್ಮಿ ಒಪ್ಪಿದ್ದರು. ಸೊಸೆ ತಡೆದು, ನನ್ನ ಹತ್ತಿರ ಕರೆತಂದಳು. ನಾನು ಅಂಗನವಾಡಿ ಮತ್ತು ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಮಕ್ಕಳ ಪಾಲನೆಯ ತರಬೇತಿ ಕೊಡುವ ಕೆಲಸದಲ್ಲಿರುವವಳು.

ಕಾಕು ಕೂತ ಕೂಡಲೇ ಹೇಳಿದ ಮಾತು ಇದು: “ನಾ ನಾಕ್ ಮಕ್ಕಳ್ನ ಹಡದು ದೊಡ್ಡವ್ರನ್ನ ಮಾಡೀನ್ರಿ ಮೇಡಂ. ಈಗ ಯಾರ್ ಮುಂದ ಪರೀಕ್ಷಾ ಬರೀಬೇಕು?”

ಯಾವ ಅರ್ಹತೆ ಬೇಕು?

ನೇರ ಉತ್ತರ ಅಂದರೆ, ಸ್ವಂತ ಮನೆಯಲ್ಲಿ ನಾಲ್ಕಾರು ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವವರಿಗೆ ಇಂಥದ್ದೇ ಪರೀಕ್ಷೆ ಪಾಸಾಗಿರಬೇಕು ಅಂತ ಹೇಳುವ ಲೈಸೆನ್ಸ್ ವ್ಯವಸ್ಥೆ ನಮ್ಮಲ್ಲಿ ಇಲ್ಲ. ಸರ್ಕಾರಿ ಕೇಂದ್ರಗಳಿಗೆ ಇದೆ. ರಾಷ್ಟ್ರೀಯ ಶಿಶುಪಾಲನಾ ಕೇಂದ್ರ ಯೋಜನೆಯಲ್ಲಿ ಕಾರ್ಯಕರ್ತೆಗೆ ಪಿಯುಸಿ, ಸಹಾಯಕಿಗೆ ಎಸ್ಸೆಸ್ಸೆಲ್ಸಿ ಅಂತಿತ್ತು. ಇಬ್ಬರಿಗೂ ಸೇರಿ 25 ಮಕ್ಕಳು. ಆ ಯೋಜನೆ 2022ರಿಂದ ‘ಮಿಷನ್ ಶಕ್ತಿ’ಯೊಳಗೆ ‘ಪಾಲನಾ’ ಹೆಸರಲ್ಲಿ ನಡೆಯುತ್ತಿದೆ. ಕರ್ನಾಟಕದಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಲು ಈಗ ಪಿಯುಸಿ ಬೇಕು, ಸಹಾಯಕಿಗೆ ಎಸ್ಸೆಸ್ಸೆಲ್ಸಿ. ಇದ್ಯಾವುದೂ ಕಾಕುವಿನ ಮನೆಗೆ ಅನ್ವಯಿಸುವುದಿಲ್ಲ.

ನಿಯಮ ಇರುವ ಕಡೆ ಹೇಗಿದೆ ಅಂತ ನೋಡುವುದು ಉಪಯೋಗಕ್ಕೆ ಬರುತ್ತದೆ. ಇಂಗ್ಲೆಂಡಿನಲ್ಲಿ ಇಂಥವರನ್ನು ಚೈಲ್ಡ್‌ಮೈಂಡರ್ ಅನ್ನುತ್ತಾರೆ. ದುಡ್ಡು ತೆಗೆದುಕೊಂಡು 8 ವರ್ಷದೊಳಗಿನ ಮಗುವನ್ನು ತಮ್ಮ ಮನೆಯಲ್ಲಿ ದಿನಕ್ಕೆ 2 ತಾಸಿಗಿಂತ ಜಾಸ್ತಿ ನೋಡಿಕೊಂಡರೆ ನೋಂದಣಿ ಕಡ್ಡಾಯ. ನಮ್ಮವರಿಗೆ ಆಶ್ಚರ್ಯ ಆಗುವುದೇನೆಂದರೆ, ಅಲ್ಲೂ ಡಿಗ್ರಿ ಕೇಳುವುದಿಲ್ಲ. ಕೇಳುವುದು ಬೇರೆ. ಮಕ್ಕಳ ಪ್ರಥಮ ಚಿಕಿತ್ಸೆಯ 12 ತಾಸಿನ ತರಬೇತಿ, ಅದನ್ನು ಮೂರು ವರ್ಷಕ್ಕೊಮ್ಮೆ ಮತ್ತೆ ಮಾಡಬೇಕು. ಮನೆಯಲ್ಲಿರುವ 16 ದಾಟಿದ ಎಲ್ಲರ ಹಿನ್ನೆಲೆ ಪರಿಶೀಲನೆ. ಒಬ್ಬರೇ ಇದ್ದರೆ 8 ವರ್ಷದೊಳಗಿನ 6 ಮಕ್ಕಳು ಮಾತ್ರ. ಆ ಆರರಲ್ಲಿ ಐದು ವರ್ಷದೊಳಗಿನ ಪುಟ್ಟ ಮಕ್ಕಳು ಸಾಮಾನ್ಯವಾಗಿ ಮೂರೇ, ಮೂರರಲ್ಲಿ ವರ್ಷ ತುಂಬದ ಕೂಸು ಒಂದೇ.

ಕಾಕುವಿನ ಮನೆಯಲ್ಲಿ ವರ್ಷ ತುಂಬದ ಕೂಸುಗಳು ಮೂರಿದ್ದವು. ಶೇಂಗಾ ಬೀಜದ ಘಟನೆಗೆ ಬೆರಳು ಹಾಕಿದ್ದು ಕಾರಣವಲ್ಲ. ಚುರಮುರಿ ತಿನ್ನುವ ವಯಸ್ಸಿನವರೂ ತೆವಳುವ ವಯಸ್ಸಿನವರೂ ಒಂದೇ ಚಾಪೆಯ ಮೇಲೆ, ನೋಡುವ ಕಣ್ಣು ಒಲೆಯ ಮೇಲೆ. ಯಾವ ಸರ್ಟಿಫಿಕೇಟೂ ಇದನ್ನು ಸರಿಮಾಡುತ್ತಿರಲಿಲ್ಲ.

ಗೊತ್ತಿದ್ದದ್ದು, ಗೊತ್ತಿಲ್ಲದ್ದು

ಒಂದು ಇಡೀ ದಿನ ಅವರ ಮನೆಯಲ್ಲಿ ಕೂತು ನೋಡಿದೆ. ಕಾಕುವಿಗೆ ಗೊತ್ತಿರುವುದು ಕಡಿಮೆ ಏನಿಲ್ಲ. ಹಸಿವಿನ ಅಳು, ನಿದ್ದೆಯ ಅಳು ದೂರದಿಂದಲೇ ತಿಳಿಯುತ್ತದೆ. ಒಂದು ಮಗುವಿನ ಮನೆಮಾತು ದಖನಿ ಉರ್ದು, ಇನ್ನೊಂದರದು ತೆಲುಗು. ಕಾಕು ಎರಡರಲ್ಲೂ ಊಟಕ್ಕೆ ಕರೆಯುತ್ತಾರೆ, ಎರಡರಲ್ಲೂ ಗದರಿಸುತ್ತಾರೆ. ಜೋಳದ ರೊಟ್ಟಿಯನ್ನು ಬಿಸಿ ಬೇಳೆಯಲ್ಲಿ ನೆನೆಸಿ, ಕಿವುಚಿ, ಒಂದು ತುತ್ತು ತಾವು ನಾಲಿಗೆಗೆ ಹಚ್ಚಿ ನೋಡಿ ಕೊಡುತ್ತಾರೆ. ಹಾಡುತ್ತಾರೆ, ಕತೆ ಕಟ್ಟುತ್ತಾರೆ. ಹುಟ್ಟಿನಿಂದ ಮೂರು ವರ್ಷದ ಮಕ್ಕಳಿಗಾಗಿ 2024ರಲ್ಲಿ ಕೇಂದ್ರ ಸರ್ಕಾರ ‘ನವಚೇತನಾ’ ಅಂತ ಒಂದು ಚೌಕಟ್ಟು ತಂದಿದೆ, ಅದರಲ್ಲಿ 140 ಚಟುವಟಿಕೆಗಳಿವೆ. ಅಂಥವುಗಳಲ್ಲಿ ಎಷ್ಟನ್ನೋ ಕಾಕು ಹೆಸರು ಗೊತ್ತಿಲ್ಲದೆಯೇ ಮಾಡುತ್ತಾರೆ.

ಕೊರತೆ ಇದ್ದದ್ದು ಬೇರೆ ಕಡೆ. ಹೊಟ್ಟೆನೋವಿಗೆ ಅಂತ ಬಜೆ ತೇಯ್ದು ನೆಕ್ಕಿಸುತ್ತಿದ್ದರು. ಕಣ್ಣಿಗೆ ಕಾಡಿಗೆ ಹಚ್ಚುತ್ತಿದ್ದರು. ಯಾರ ಅಪ್ಪಣೆಯೂ ಕೇಳಿರಲಿಲ್ಲ. ಕೇಳಬೇಕು ಅಂತ ಹೊಳೆದೂ ಇರಲಿಲ್ಲ, ಅವರ ಮಕ್ಕಳಿಗೂ ಹಾಗೇ ಮಾಡಿದ್ದರಲ್ವಾ? ಒಂದು ದಿನ ಯಾರೋ ಬಂದು “ನಾ ಹುಡುಗಿ ಕಾಕಾ, ವೈನಿ ಕರ್ಕೊಂಡ್ ಬಾ ಅಂದಾಳ” ಅಂದಾಗ ಮಗುವನ್ನು ಕೊಟ್ಟು ಕಳಿಸಿದ್ದರು. ನಿಜವಾಗಿ ಚಿಕ್ಕಪ್ಪನೇ ಆಗಿದ್ದ. ಆಗಿರದಿದ್ದರೆ?

ನನ್ನ ಲೆಕ್ಕದಲ್ಲಿ ಸ್ವಂತ ಮಕ್ಕಳನ್ನು ಬೆಳೆಸುವುದಕ್ಕೂ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವುದಕ್ಕೂ ಇರುವ ಅಂತರ ಇಷ್ಟೇ. ತಾಯಿ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ. ಕಾಕು ಒಪ್ಪಿಸಬೇಕು. ಬೆಳಿಗ್ಗೆ ಕೈಗೆ ಬಂದ ಕೂಸು ಹೇಗಿತ್ತು, ಸಂಜೆವರೆಗೆ ಏನಾಯಿತು, ಯಾರ ಕೈಗೆ ಹೋಯಿತು. ಅವರಿಗೆ ಬೇಕಾದ ತರಬೇತಿಯ ಅರ್ಧಕ್ಕಿಂತ ಜಾಸ್ತಿ ಭಾಗ ಇದೇ.

ಹಾಗಾಗಿ ಮೊದಲು ಶುರುವಾದದ್ದು ಒಂದು ನೋಟ್‌ಬುಕ್. ಬರೆಯುವುದು ಸೊಸೆ, ಹೇಳುವುದು ಕಾಕು. ಎಷ್ಟಕ್ಕೆ ಬಂತು, ಯಾರು ಬಿಟ್ಟರು, ಮೈಮೇಲೆ ಗಾಯ ಇತ್ತಾ, ಏನು ತಿಂತು, ಎಷ್ಟು ಹೊತ್ತು ಮಲಗಿತು, ಎಷ್ಟು ಸಲ ಉಚ್ಚೆ ಹೋಯಿತು, ಯಾರು ಕರೆದುಕೊಂಡು ಹೋದರು. ಮೊದಲ ಪುಟದಲ್ಲಿ ಪ್ರತಿ ಮಗುವನ್ನು ಕರೆದೊಯ್ಯಬಹುದಾದ ಮೂವರ ಹೆಸರು, ಫೋನ್ ನಂಬರು. ಪಟ್ಟಿಯಲ್ಲಿಲ್ಲದವರು ಬಂದರೆ ತಾಯಿಗೆ ಫೋನ್ ಹೋಗದೆ ಮಗು ಹೊಸ್ತಿಲು ದಾಟುವುದಿಲ್ಲ. ಜೊತೆಗೆ ತಾಯಿ ಕಾರ್ಡಿನ ಲಸಿಕೆ ಪುಟದ ಜೆರಾಕ್ಸ್. ಒಂದು ಮಗುವಿಗೆ 9 ತಿಂಗಳಿಗೆ ಹಾಕಿಸಬೇಕಿದ್ದ ದಡಾರ-ರುಬೆಲ್ಲಾ ಚುಚ್ಚುಮದ್ದು ಬಾಕಿ ಇದ್ದದ್ದು ಹೀಗೆ ಜೆರಾಕ್ಸ್ ಜೋಡಿಸುವಾಗ ಗೊತ್ತಾಯಿತು.

ಔಷಧಿಯ ವಿಷಯಕ್ಕೆ ಬೇರೆ ಪುಟ ಬೇಕಾಯಿತು. ತಾಯಂದಿರು ಚೀಲದಲ್ಲಿ ಬಾಟಲಿ ಹಾಕಿ “ಜ್ವರ ಬಂದ್ರ ಒಂದ್ ಚಮಚ ಹಾಕ್ರಿ ಕಾಕು” ಅಂದು ಹೋಗುತ್ತಾರೆ. ಕಪಾಟಿನಲ್ಲಿ ಮೂರು ಪ್ಯಾರಾಸಿಟಮಾಲ್ ಬಾಟಲಿಗಳಿದ್ದವು. ಒಂದು ಡ್ರಾಪ್ಸ್, 1 ಎಂಎಲ್‌ನಲ್ಲಿ 100 ಮಿಲಿಗ್ರಾಂ. ಒಂದು ಸಿರಪ್, 5 ಎಂಎಲ್‌ನಲ್ಲಿ 125. ಇನ್ನೊಂದು ಸಿರಪ್, 5 ಎಂಎಲ್‌ನಲ್ಲಿ 250. ಮೂರನ್ನೂ ಸಾಲಾಗಿಟ್ಟು ಸೊಸೆಗೆ ಲೆಕ್ಕ ಹಾಕಲು ಹೇಳಿದೆ. ಸಿರಪ್ ಅಂದುಕೊಂಡು ಡ್ರಾಪ್ಸ್ ಬಾಟಲಿಯಿಂದ 5 ಎಂಎಲ್ ಕುಡಿಸಿದರೆ 500 ಮಿಲಿಗ್ರಾಂ ಹೋಗುತ್ತದೆ. ಅಂದರೆ 125ರ ನಾಲ್ಕು ಪಟ್ಟು. ಕಾಕು ಆ ಸಣ್ಣ ಬಾಟಲಿಯನ್ನು ಕೈಯಲ್ಲಿ ಹಿಡಿದು, “ಸಣ್ಣದದ, ಕಡಿಮಿ ಜೋರಿರ್ತದ ಅನ್ಕೊಂಡಿದ್ದೆ” ಅಂದರು. ಎಷ್ಟೋ ಓದಿದವರೂ ಹಾಗೇ ಅಂದುಕೊಂಡಿರುತ್ತಾರೆ. ಈಗ ನಿಯಮ ಒಂದೇ. ಮಗುವಿನ ಹೆಸರು, ಎಷ್ಟು ಎಂಎಲ್, ಎಷ್ಟು ಹೊತ್ತಿಗೆ, ಇಷ್ಟನ್ನೂ ತಾಯಿ ಬರೆದು ಸಹಿ ಮಾಡಬೇಕು. ಅಳೆಯಲು ಬಾಟಲಿ ಜೊತೆ ಬಂದ ಅಳತೆಯೇ, ಅಡುಗೆ ಮನೆಯ ಚಮಚವಲ್ಲ. ಬರೆಯದಿದ್ದರೆ ಔಷಧಿ ಇಲ್ಲ.

ಕೈಯಿಂದ ಕಲಿತದ್ದು

ಪ್ರಥಮ ಚಿಕಿತ್ಸೆಯನ್ನು ಫೋನಿನಲ್ಲಿ ವಿಡಿಯೋ ನೋಡಿ ಕಲಿಯಲಾಗುವುದಿಲ್ಲ, ನೋಡಿದ್ದೇವೆ ಅನ್ನುವ ಧೈರ್ಯ ಮಾತ್ರ ಬರುತ್ತದೆ. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್‌ನಂಥವರು ಪ್ರಥಮ ಚಿಕಿತ್ಸೆಯ ತರಬೇತಿ ಕೊಡುತ್ತಾರೆ, ಕೊನೆಗೆ ಸರ್ಟಿಫಿಕೇಟನ್ನೂ ಕೊಡುತ್ತಾರೆ. ಅಲ್ಲಿಗೆ ಹೋಗುವ ಮೊದಲು ನಾವು ಮನೆಯಲ್ಲೇ ಅಭ್ಯಾಸ ಮಾಡಿದೆವು, ಕೂಸಿನ ತೂಕದ ಒಂದು ಬೊಂಬೆ ಇಟ್ಟುಕೊಂಡು. ಹೇಳಿಕೊಟ್ಟದ್ದು ಅದೇ ನರ್ಸ್ ತಾಯಿ. ಬರುತ್ತೀರಾ ಅಂತ ಕೇಳಿದ್ದಕ್ಕೆ ಡ್ಯೂಟಿ ಇಲ್ಲದ ದಿನ ತಾವೇ ಬಂದರು.

ವರ್ಷದೊಳಗಿನ ಕೂಸು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಕೆಮ್ಮು ನಿಂತು, ಅಳುವ ದನಿಯೂ ಬಾರದಿದ್ದರೆ ಮುಂಗೈ ಮೇಲೆ ಬೋರಲು ಮಲಗಿಸಬೇಕು, ತಲೆ ಎದೆಗಿಂತ ಕೆಳಗೆ, ಗದ್ದಕ್ಕೆ ಬೆರಳುಗಳ ಆಸರೆ. ಎರಡು ರೆಕ್ಕೆಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಏಟು. ಬರಲಿಲ್ಲವೆಂದರೆ ಅಂಗಾತ ತಿರುಗಿಸಿ ಎದೆಯ ನಡುಮೂಳೆಯ ಮೇಲೆ 5 ಸಲ ಒತ್ತು. ಮತ್ತೆ ಏಟು, ಮತ್ತೆ ಒತ್ತು. ಇನ್ನೊಬ್ಬರು ಆಗಲೇ 108ಕ್ಕೆ ಫೋನ್ ಮಾಡಿರಬೇಕು. ಬಾಯಲ್ಲಿ ಕಣ್ಣಿಗೆ ಕಾಣುವಂತಿದ್ದರೆ ತೆಗೆಯಬಹುದು. ಕಾಣದಿದ್ದರೆ ಬೆರಳು ಹಾಕುವಂತಿಲ್ಲ. ವರ್ಷ ದಾಟಿದವರಿಗೆ ಎದೆಯ ಬದಲು ಹೊಟ್ಟೆಯ ಮೇಲೆ ಒತ್ತು. ವರ್ಷದೊಳಗಿನವರಿಗೆ ಹೊಟ್ಟೆ ಒತ್ತಲೇಬಾರದು.

ಕಾಕುವಿನ ಮೊದಲ ಏಟು ಜೋಗುಳಕ್ಕೆ ತಟ್ಟಿದಂತಿತ್ತು. “ಜೋರಾಗಿ, ಕಾಕು.” “ಕೂಸಿಗಿ ನೋವಾಗ್ತದಲ್ಲವ್ವ.” ಬೊಂಬೆ ಅಂತ ಗೊತ್ತಿದ್ದರೂ ಅವರ ಕೈ ಮೇಲೇಳಲು ಎಷ್ಟೋ ಹೊತ್ತು ಹಿಡಿಯಿತು. ಸೊಸೆ ಬೇಗ ಕಲಿತಳು. ಆದರೆ ಬೋರಲು ಹಿಡಿಯುವ ಹಿಡಿತ ಮಾತ್ರ ಕಾಕುವಿನದೇ ಗಟ್ಟಿ. ಕೂಸುಗಳನ್ನು ಮೀಯಿಸಿದ ಕೈ ಅದು.

ಕಲಬುರಗಿಗೆ ಅಂತಲೇ ಕೆಲವನ್ನು ಸೇರಿಸಬೇಕಾಯಿತು, ಅಚ್ಚಾದ ಪಠ್ಯಗಳಲ್ಲಿ ಇವು ಸಿಗುವುದು ಕಡಿಮೆ. ನಮ್ಮಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಹೊಸದಲ್ಲ. ಹಿಂಡಿಟ್ಟ ಎದೆಹಾಲು ಹೊರಗೆ 4 ತಾಸು ಇರುತ್ತದೆ ಅಂತ ಓದಿ ನರ್ಸ್ ತಾಯಿ ಡಬ್ಬಿ ಕೊಟ್ಟು ಹೋಗುತ್ತಿದ್ದರು. ಆ ಲೆಕ್ಕ 25 ಡಿಗ್ರಿಯ ಕೋಣೆಗೆ. ತಗಡಿನ ಪತ್ರಾ ಹೊದಿಸಿದ ಮನೆಗೆ ಅಲ್ಲ. ಈಗ ಹಾಲು ಬಂದ ಕೂಡಲೇ ಫ್ರಿಜ್ಜಿಗೆ.

ಇನ್ನು ಕೂಲರ್. ಪಡಸಾಲೆಯಲ್ಲಿ ತಗಡಿನ ದೊಡ್ಡ ಕೂಲರ್ ಇದೆ, ನೀರಿನ ಪಂಪು ಒಳಗಿದೆ, ಮಕ್ಕಳು ತಣ್ಣಗಿದೆ ಅಂತ ಮೈಯೊರಗಿಸಿ ನಿಲ್ಲುತ್ತವೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷಿಸಿ 30 ಮಿಲಿಆಂಪಿನ ಶಾಕ್ ತಡೆಯುವ ಬ್ರೇಕರ್ ಹಾಕಿಸಿದೆವು. ಇಡೀ ಪ್ರಕರಣದಲ್ಲಿ ಕಾಕು ಎಲ್ಲಕ್ಕಿಂತ ಜಾಸ್ತಿ ಗೊಣಗಿದ್ದು ಈ ಖರ್ಚಿಗೆ. ನೀರು ದಿನಾ ಬರುವುದಿಲ್ಲ, ಬಂದ ದಿನ ಹೌದ, ಬ್ಯಾರಲ್, ಬಕೆಟ್ ಎಲ್ಲ ತುಂಬಿಡುತ್ತಾರೆ. ತೆವಳುವ ಕೂಸು ಮುಳುಗಲು ಅರ್ಧ ಬಕೆಟ್ ಸಾಕು. ಹೌದಕ್ಕೆ ಜಾಳಿಗೆ ಮುಚ್ಚಳ, ಹಿತ್ತಿಲ ಬಾಗಿಲಿಗೆ ಮೇಲಿನ ಚಿಲಕ. ಸೀರೆಯ ಜೋಳಿಗೆ ತೊಟ್ಟಿಲಲ್ಲಿ ಸಣ್ಣ ಕೂಸು ಬಾಗಿ ಮಲಗಿದರೆ ಗದ್ದ ಎದೆಗೆ ತಾಗಿ ಉಸಿರಿಗೆ ತೊಂದರೆ. ಅದನ್ನು ಬಿಚ್ಚಿಸಲು ವಾದವೇ ಮಾಡಬೇಕಾಯಿತು. ಕೊನೆಗೆ ನೆಲದ ಮೇಲೆ ಗಟ್ಟಿ ಹಾಸಿಗೆ, ದಿಂಬಿಲ್ಲ, ಅಂಗಾತ.

ಮಗನ ವಿಷಯ

ಮನೆಯಲ್ಲಿರುವ ದೊಡ್ಡವರ ಪೊಲೀಸ್ ಪರಿಶೀಲನೆ ಮಾಡಿಸೋಣ ಅಂದಾಗ ಕಾಕುವಿನ ಮುಖ ಸಣ್ಣದಾಯಿತು. “ನನ್ ಮಗನ ಮ್ಯಾಲ ಸಂಶಯನಾ?” ಇದು ಸಹಜ. ಮಗ ಒಳ್ಳೆಯವನೇ. ಆದರೆ ತಾಯಂದಿರಿಗೆ ಅದು ಗೊತ್ತಾಗುವುದು ಹೇಗೆ? ಸಂಶಯ ಇದ್ದವರ ಮೇಲಷ್ಟೇ ಪರಿಶೀಲನೆ ಅಂತ ಮಾಡಿದರೆ ಅದು ಬೈಗುಳ. ಮನೆಯ ಎಲ್ಲರಿಗೂ ಅಂತ ಮಾಡಿದರೆ ಬರೀ ಕಾಗದ. ಮಗ ತಾನೇ ಸೇವಾಸಿಂಧುವಿನಲ್ಲಿ ತನ್ನದೂ ಸೇರಿ ಮನೆಯ ಎಲ್ಲರದೂ ಅರ್ಜಿ ಹಾಕಿದ. ಅವನಿಗೆ ಇದರಲ್ಲಿ ಅವಮಾನ ಕಾಣಲಿಲ್ಲ, ಕೆಲಸಕ್ಕೆ ಸೇರುವಾಗ ಗೆಳೆಯರೆಲ್ಲ ಮಾಡಿಸಿದ್ದರು.

ಪೋಕ್ಸೋ ಬಗ್ಗೆಯೂ ಕೂತು ಮಾತಾಡಿದೆವು. 2012ರ ಆ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದೇ ಅಪರಾಧ. ಮಗುವಿನ ಮನೆಯಲ್ಲೇ ನಡೆದಿದ್ದರೂ ಇದೇ ಮಾತು. ಮಕ್ಕಳ ಸಹಾಯವಾಣಿ 1098ರ ನಂಬರನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದೆವು. ಕಾಕು ಇದನ್ನು ಸುಮ್ಮನೆ ಕೇಳಿಸಿಕೊಂಡರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಈ ಪಾಠ ಮತ್ತೆ ಮಾಡಬೇಕು.

ಮಕ್ಕಳ ಸಂಖ್ಯೆ ಮತ್ತು ದುಡ್ಡು

ಒಂಬತ್ತನ್ನು ಆರಕ್ಕೆ ಇಳಿಸುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಒಂಬತ್ತು ಮಕ್ಕಳಿಂದ ತಿಂಗಳಿಗೆ 13,500 ಬರುತ್ತಿತ್ತು. ಆರಕ್ಕೆ ಅದೇ ದುಡ್ಡು ಬರಬೇಕಾದರೆ ತಲೆಗೆ 2,250 ಆಗಬೇಕು. ಕಾಕು ಬಾಯಿಬಿಟ್ಟು ಕೇಳಲು ತಯಾರಿರಲಿಲ್ಲ. ಸೊಸೆಯೇ ತಾಯಂದಿರನ್ನು ಕೂರಿಸಿ ನೋಟ್‌ಬುಕ್ ತೋರಿಸಿ, ಏನೇನು ಬದಲಾಗಿದೆ ಅಂತ ಹೇಳಿ 2,200 ಅಂದಳು. ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ತಾಯಿಗೆ ಅದು ಆಗುವ ಮಾತಾಗಿರಲಿಲ್ಲ. ಅವರ ಮಗು ಈಗ ಅಜ್ಜಿಯ ಊರು ಆಳಂದದಲ್ಲಿದೆ. ದೊಡ್ಡ ಹುಡುಗನೊಬ್ಬ ಶಾಲೆಗೆ ಸೇರಿದ. ಸರ್ಟಿಫಿಕೇಟ್ ಮಾತಾಡಿದ್ದ ಇಬ್ಬರಲ್ಲಿ ಒಬ್ಬರು ಬಿಟ್ಟರು, ಒಬ್ಬರು ಉಳಿದರು. ಹೀಗೆ ಆರಾಯಿತು. ವರ್ಷದೊಳಗಿನವರು ಇಬ್ಬರು, ನೋಡುವವರೂ ಇಬ್ಬರು. ಅಡುಗೆ ಬೆಳಿಗ್ಗೆ ಮಕ್ಕಳು ಬರುವ ಮೊದಲೇ ಮುಗಿಯುತ್ತದೆ.

ಆಳಂದಕ್ಕೆ ಹೋದ ಆ ಮಗುವಿನ ವಿಷಯ ನನಗೆ ಸಮಾಧಾನ ಕೊಟ್ಟಿಲ್ಲ. ಗುಣಮಟ್ಟ ಜಾಸ್ತಿಯಾದಾಗ ಮೊದಲು ಹೊರಗೆ ಹೋಗುವವರು ಕಡಿಮೆ ಸಂಬಳದವರು. ಕಾಕುವಿನ ಮನೆಯಂಥ ಕಡೆಗೆ ಸರ್ಕಾರದ ದುಡ್ಡು ಒಂದಿಷ್ಟು ಬಾರದೆ ಇದಕ್ಕೆ ಪರಿಹಾರ ನನಗಂತೂ ಕಾಣುವುದಿಲ್ಲ.

ಸರ್ಟಿಫಿಕೇಟಿನ ಕತೆ

ಕ್ಲಾಸೇ ಇಲ್ಲದೆ ಮನೆಗೆ ಬರುವ ಆ ನರ್ಸರಿ ಟೀಚರ್ ಕಾಗದ ಬೇಡ ಅಂದೆವು. ಶಾಲಾಪೂರ್ವ ಶಿಕ್ಷಕರಿಗೆ, ಶಿಕ್ಷಕರ ತರಬೇತಿಯ ರಾಷ್ಟ್ರೀಯ ಮಂಡಳಿಯಾದ ಎನ್‌ಸಿಟಿಇ ಮಾನ್ಯತೆ ಇರುವುದು ಡಿಪಿಎಸ್ಇ ಅನ್ನುವ ಎರಡು ವರ್ಷದ ಡಿಪ್ಲೊಮಾಕ್ಕೆ, ಅದಕ್ಕೆ ಪಿಯುಸಿ ಬೇಕು. ಅದೂ ಶಾಲೆಯಲ್ಲಿ ಕಲಿಸುವವರಿಗೆ. ಉಸಿರುಗಟ್ಟಿದ ಕೂಸಿಗೂ ಅದಕ್ಕೂ ಸಂಬಂಧ ಕಡಿಮೆ.

ಕಾಕುವಿಗೆ ಹೊಂದುವುದು ಬೇರೆ. ಅನುಭವ ಇದ್ದು ಕಾಗದ ಇಲ್ಲದವರಿಗೆ ಕೌಶಲ ಯೋಜನೆಗಳಲ್ಲಿ ಆರ್‌ಪಿಎಲ್ ಅನ್ನುವ ದಾರಿ ಇದೆ. ಚಿಕ್ಕ ತರಬೇತಿ ಕೊಟ್ಟು, ಕೆಲಸ ಮಾಡಿಸಿ ನೋಡಿ, ಬರುವ ವಿದ್ಯೆಗೇ ಸರ್ಟಿಫಿಕೇಟ್ ಕೊಡುತ್ತಾರೆ. ಮನೆಗೆಲಸ ಮತ್ತು ಆರೈಕೆಯ ವಿಭಾಗದಲ್ಲಿ ಮಕ್ಕಳನ್ನು ನೋಡಿಕೊಳ್ಳುವವರಿಗೆಂದೇ ಪಠ್ಯ ಇದೆ. ತೊಡಕೆಂದರೆ ಇದು ಬ್ಯಾಚ್ ಆದಾಗ ಮಾತ್ರ ನಡೆಯುತ್ತದೆ, ಒಬ್ಬರಿಗಾಗಿ ನಡೆಯುವುದಿಲ್ಲ. ಸುತ್ತಲಿನ ಓಣಿಗಳಲ್ಲಿ ಇದೇ ಕೆಲಸ ಮಾಡುವ ಹೆಣ್ಣುಮಕ್ಕಳ ಹೆಸರು ಬರೆದು ಜಿಲ್ಲಾ ಕೌಶಲ ಕಚೇರಿಗೆ ಕೊಟ್ಟಿದ್ದೇವೆ. ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ಮಾತ್ರ ಅತ್ತೆ-ಸೊಸೆ ಇಬ್ಬರಿಗೂ ಬಂದಿದೆ. ಫ್ರೇಮ್ ಹಾಕಿಸಿ ಕೂಲರ್ ಮೇಲಿನ ಗೋಡೆಗೆ ನೇತುಹಾಕಿದ್ದಾರೆ. ನರ್ಸ್ ತಾಯಿಯ ಕೂಸು ಇಲ್ಲೇ ಇದೆ.

ಸೊಸೆಗೆ ದಾರಿ ಜಾಸ್ತಿ. ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಆರೈಕೆ ಮತ್ತು ಶಿಕ್ಷಣದ ಡಿಪ್ಲೊಮಾ ಇದೆ, ಮನೆಯಿಂದಲೇ ಓದಬಹುದು, ಪಿಯುಸಿ ಸಾಕು. ಅವಳು ಅಂಗನವಾಡಿ ಕಾರ್ಯಕರ್ತೆ ಹುದ್ದೆಗೂ ಅರ್ಜಿ ಹಾಕಿದ್ದಾಳೆ. ಸಿಕ್ಕಿದರೆ ಕಾಕು ಹಗಲು ಒಬ್ಬರೇ. ಆಗ ಆರು ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ, ಮೂರಕ್ಕೆ ಇಳಿಸಬೇಕು, ಅದರಲ್ಲಿ ಸಣ್ಣ ಕೂಸು ಒಂದೇ ಅಂತ ಈಗಲೇ ಹೇಳಿದ್ದೇನೆ. ಕಾಕು ಇನ್ನೂ ಹೂಂ ಅಂದಿಲ್ಲ. ಎಸ್ಸೆಸ್ಸೆಲ್ಸಿಯನ್ನು ಖಾಸಗಿಯಾಗಿ ಬರೆಯಿರಿ ಅಂದದ್ದಕ್ಕೂ ಅಷ್ಟೇ. “ಮೊದಲ ಆ ಬ್ಯಾಚ್ ಯಾವಾಗ ಆಗ್ತದ ಕೇಳ್ರಿ ಮೇಡಂ” ಅನ್ನುತ್ತಾರೆ.